ಕಬ್ಬಿನ ಹಾಲಿನ ಮಷಿನ್‌ಗೆ ಗೇರ್ ಆರಿಸಿದ್ದು: ನನ್ನ ಅನುಭವ

ಮಾರಿಕಾಂಬಾ ಜಾತ್ರೆಯ ಮೂರನೇ ದಿನ ಮಧ್ಯಾಹ್ನ ಫೋನ್ ಬಂತು. "ತಮ್ಮಾ, ಮೋಟರ್ ತಿರುಗ್ತಾ ಉಂಟು, ರೋಲರ್ ಮಾತ್ರ ನಿಂತಿದೆ. ಒಳಗೆ ಕಟಕಟ ಅಂತದೆ. ಬೇಗ ಬಾ ಮಾರಾಯಾ."

ಜಾತ್ರೆ ನಡೆಯುವ ಬಿಡಕಿಬೈಲಿಗೆ ಹೋಗುವ ದಾರಿಯಲ್ಲೇ ಫೋನ್ ಮಾಡಿದ ಅಣ್ಣನ ಕಬ್ಬಿನ ಹಾಲಿನ ಅಂಗಡಿ. ಶಿರಸಿಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ, ಅಡಿಕೆ ಸುಲಿಯುವ ಮಷಿನ್ ರಿಪೇರಿಯೇ ಜಾಸ್ತಿ. ಈ ಕಬ್ಬಿನ ಮಷಿನ್ ನಾನೇ ಮೊದಲಿಂದ ಕೊನೆವರೆಗೆ ಮಾಡಿಕೊಟ್ಟಿದ್ದು. ಕವರ್ ಬಿಚ್ಚಿ ನೋಡಿದರೆ ಎರಡನೇ ಜೋಡಿಯ ಸಣ್ಣ ಗೇರಿನಲ್ಲಿ ಎರಡು ಹಲ್ಲು ಬುಡಸಮೇತ ಹಾರಿಹೋಗಿದ್ದವು. ಗ್ರೀಸ್ ಒರೆಸಿ ಬಿಸಿಲಿಗೆ ಹಿಡಿದಾಗ ಇನ್ನೊಂದು ಕಂಡಿತು. ಕೀ (ಗೇರು ಶಾಫ್ಟಿನ ಮೇಲೆ ಜಾರದಂತೆ ನಡುವೆ ಕೂರಿಸುವ ಲೋಹದ ತುಂಡು) ಕೂರುವ ಕೊರಕಲಿನ ಮೂಲೆಯಿಂದ ಹಲ್ಲಿನ ಬುಡದವರೆಗೆ ಕೂದಲಿನಷ್ಟು ಸಣ್ಣ ಬಿರುಕು.

ಈ ಜಾತ್ರೆ ಬರುವುದೇ ಎರಡು ವರ್ಷಕ್ಕೊಮ್ಮೆ. ಅಂಗಡಿ ಒಂದು ದಿನ ನಿಂತರೂ ಅವರಿಗೆ ಎಷ್ಟು ಪೆಟ್ಟು ಅಂತ ನನಗೆ ಗೊತ್ತಿತ್ತು. ನನ್ನ ಹತ್ತಿರ ಅದೇ ಥರದ ಇನ್ನೊಂದು ಗೇರ್ ಇತ್ತು, ಅದನ್ನೇ ಹಾಕಿದೆ. "ಅಣ್ಣಾ, ಒಂದು ಸಲಕ್ಕೆ ಒಂದೇ ಕಬ್ಬು ಕೊಡಿ, ಮಡಚಿ ತುರುಕಬೇಡಿ" ಅಂತ ಹೇಳಿ ಬಂದೆ. ಜಾತ್ರೆ ಮುಗಿಯಿತು. ಆದರೆ ಆ ರಾತ್ರಿ ನಿದ್ದೆ ಹತ್ತಲಿಲ್ಲ, ನೋಟ್‌ಬುಕ್ ತೆಗೆದು ಲೆಕ್ಕಕ್ಕೆ ಕೂತೆ. ಈ ಲೆಕ್ಕವನ್ನು ಮಷಿನ್ ಮಾಡುವ ಮೊದಲೇ ಹಾಕಬೇಕಿತ್ತು.

ಮಷಿನ್ ಹೀಗಿತ್ತು. 1 ಎಚ್‌ಪಿ ಮೋಟರ್, 1440 ಸುತ್ತಿನದು. 3 ಇಂಚಿನ ಪುಲ್ಲಿಯಿಂದ 12 ಇಂಚಿನ ಪುಲ್ಲಿಗೆ ಬೆಲ್ಟ್, ಅಲ್ಲಿಗೆ ನಿಮಿಷಕ್ಕೆ 360 ಸುತ್ತು. ಆಮೇಲೆ 18 ಮತ್ತು 72 ಹಲ್ಲಿನ ಜೋಡಿ, 90 ಸುತ್ತು. ಕೊನೆಗೆ 18 ಮತ್ತು 54ರ ಜೋಡಿ, ರೋಲರ್‌ಗೆ 30 ಸುತ್ತು. ಎರಡೂ ಜೋಡಿಗೆ ನಾನು 2 ಮಾಡ್ಯೂಲಿನ (ಮಾಡ್ಯೂಲ್ ಅಂದರೆ ಹಲ್ಲಿನ ಗಾತ್ರದ ಅಳತೆ, ಅಂಕಿ ಹೆಚ್ಚಾದಷ್ಟು ಹಲ್ಲು ದೊಡ್ಡದು), 20 ಮಿ.ಮೀ. ಅಗಲದ, ಎಂ.ಎಸ್. ಅಂದರೆ ಮೆದು ಉಕ್ಕಿನ ಗೇರ್ ಹಾಕಿದ್ದೆ. "ಒಂದು ಎಚ್‌ಪಿ ತಾನೇ, ಇಷ್ಟು ಸಾಕು" ಅಂತ ಗೇರ್ ಅಂಗಡಿಯಲ್ಲಿ ಹೇಳಿದರು, ನಾನೂ ಹೂಂ ಅಂದೆ.

ತಪ್ಪಿದ್ದು ಅಲ್ಲೇ. ಮೋಟರ್ ಒಂದೇ ಇದ್ದರೂ ಸುತ್ತು ಕಡಿಮೆಯಾದಂತೆ ತಿರುಚುವ ಬಲ ಏರುತ್ತಾ ಹೋಗುತ್ತದೆ. ಲೆಕ್ಕ ಸುಲಭ: ಕಿಲೋವ್ಯಾಟನ್ನು 9550ರಿಂದ ಗುಣಿಸಿ ಸುತ್ತಿನಿಂದ ಭಾಗಿಸಿ, ನ್ಯೂಟನ್ ಮೀಟರ್ ಸಿಗುತ್ತದೆ. 1 ಎಚ್‌ಪಿ ಅಂದರೆ ಹತ್ತಿರ ಹತ್ತಿರ 0.75 ಕಿಲೋವ್ಯಾಟ್. ಮೋಟರಿನ ಶಾಫ್ಟಲ್ಲಿ ಬರೀ 5, 360 ಸುತ್ತಿನ ಶಾಫ್ಟಲ್ಲಿ 20, 90 ಸುತ್ತಿನ ಶಾಫ್ಟಲ್ಲಿ 80. ಬೆಲ್ಟು, ಬೇರಿಂಗಿನಲ್ಲಿ ಹೋಗುವುದನ್ನು ಕಳೆದು ಅಲ್ಲಿ 75 ಹಿಡಿದೆ. ಇದನ್ನು ಗೇರಿನ ಪಿಚ್ ವ್ಯಾಸದ (ಮಾಡ್ಯೂಲನ್ನು ಹಲ್ಲಿನ ಸಂಖ್ಯೆಯಿಂದ ಗುಣಿಸಿದ್ದು) ಅರ್ಧದಿಂದ ಭಾಗಿಸಿದರೆ ಹಲ್ಲಿನ ಮೇಲೆ ಬೀಳುವ ಭಾರ. 2 ಮಾಡ್ಯೂಲ್, 18 ಹಲ್ಲು, ಅಂದರೆ ಪಿಚ್ ವ್ಯಾಸ 36 ಮಿ.ಮೀ. ಮೊದಲ ಜೋಡಿಯ ಹಲ್ಲಿಗೆ ಸುಮಾರು 113 ಕೆಜಿ ಬೀಳುತ್ತಿತ್ತು. ಎರಡನೇ ಜೋಡಿಯ ಹಲ್ಲಿಗೆ 425 ಕೆಜಿ! 65 ಕೆಜಿಯ ಅಡಿಕೆ ಚೀಲ ಆರಕ್ಕಿಂತ ಜಾಸ್ತಿ ಆಯಿತಲ್ವಾ, ಅಷ್ಟನ್ನೂ ನಿಮ್ಮ ಕಿರುಬೆರಳಿಗಿಂತ ಸಣ್ಣ ಹಲ್ಲೊಂದು ಹೊರಬೇಕು. ಮೊದಲ ಜೋಡಿಗೆ ಒಂದು ಗೀರೂ ಆಗದೆ ಎರಡನೇದು ಹೋಗಿದ್ದಕ್ಕೆ ಇದೇ ಕಾರಣ.

ಹಲ್ಲು ತಡೆಯುತ್ತದೋ ಇಲ್ಲವೋ ನೋಡಲು ಹಳೇ ಲೂಯಿಸ್ ಸೂತ್ರ ಇದೆ. ಭಾರವನ್ನು ನ್ಯೂಟನ್‌ನಲ್ಲಿ ಇಟ್ಟು, ಹಲ್ಲಿನ ಅಗಲ, ಮಾಡ್ಯೂಲ್, ಹಲ್ಲಿನ ಆಕಾರದ ಅಂಕಿ ಈ ಮೂರರ ಗುಣಲಬ್ಧದಿಂದ ಭಾಗಿಸಬೇಕು. ಹಲ್ಲಿನ ಕೋನ 20 ಡಿಗ್ರಿ ಇರುವ 18 ಹಲ್ಲಿನ ಗೇರಿಗೆ ಆ ಅಂಕಿ ಸುಮಾರು 0.31. ನನ್ನ ಗೇರಿಗೆ ಬಂದ ಉತ್ತರ ಚದರ ಮಿ.ಮೀ.ಗೆ 335 ನ್ಯೂಟನ್. ಮಾಮೂಲಿ ಎಂ.ಎಸ್. ತುಂಡಾಗುವುದೇ 410ರ ಆಸುಪಾಸು. ಇದು ಕಬ್ಬು ಸಲೀಸಾಗಿ ಹೋಗುವಾಗಿನ ಲೆಕ್ಕ. ಒಂದು ಸಲ ಹಿಂಡಿದ ಕಬ್ಬನ್ನು ಮಡಚಿ, ನಡುವೆ ನಿಂಬೆಹಣ್ಣು ಶುಂಠಿ ಇಟ್ಟು ಮತ್ತೆ ತುರುಕುತ್ತಾರಲ್ಲ, ಆಗ ರೋಲರ್ ಗಕ್ಕನೆ ಹಿಡಿಯುತ್ತದೆ. ಸಿಕ್ಕಿಕೊಂಡ ಕಬ್ಬಿನ ಮೇಲೆ ಮೋಟರ್ ಸ್ಟಾರ್ಟ್ ಮಾಡಿದರೂ ಅಷ್ಟೇ, ಕೆಪಾಸಿಟರ್ ಸ್ಟಾರ್ಟ್ ಮೋಟರ್ ಆ ಕ್ಷಣಕ್ಕೆ ಎರಡು ಪಟ್ಟಿಗಿಂತ ಜಾಸ್ತಿ ಒದೆಯುತ್ತದೆ. ಹಾಗಾಗಿ ಈಗ ನಾನು ಏನೇ ಉತ್ತರ ಬಂದರೂ ಅದನ್ನು ಎರಡರಿಂದ ಗುಣಿಸಿಯೇ ನೋಡುವುದು.

ಹೊಸ ಜೋಡಿಗೆ 3 ಮಾಡ್ಯೂಲ್, 30 ಮಿ.ಮೀ. ಅಗಲ ಇಟ್ಟೆ. ಅಗಲ ಸಾಮಾನ್ಯವಾಗಿ ಮಾಡ್ಯೂಲಿನ ಎಂಟರಿಂದ ಹನ್ನೆರಡು ಪಟ್ಟು ಇದ್ದರೆ ಸರಿ. ಅದಕ್ಕಿಂತ ಅಗಲ ಮಾಡಿದರೆ ಶಾಫ್ಟ್ ಒಂಚೂರು ಓರೆಯಾದರೂ ಹಲ್ಲಿನ ಒಂದೇ ತುದಿ ಭಾರ ಹೊರುತ್ತದೆ. ಈಗ ಉತ್ತರ 100, ಎರಡು ಪಟ್ಟು ಮಾಡಿದರೆ 200. ಎಂ.ಎಸ್.ಗಿಂತ ಗಟ್ಟಿಯಾದ ಇಎನ್ 8 ಉಕ್ಕಿಗೆ ಇದು ಆರಾಮ.

ಬಿರುಕಿನ ವಿಷಯ ಬೇರೆ. ಹಳೇ ಗೇರಿಗೆ 20ರ ಶಾಫ್ಟ್ ಕೂರಿಸಿದ್ದೆ. ಹಲ್ಲಿನ ಬುಡದ ವ್ಯಾಸ 31, ಅದರಲ್ಲಿ ಶಾಫ್ಟ್ ಕೂರುವ ತೂತು, ಅಂದರೆ ಬೋರು, ಹೋಗಿ ಒಂದು ಬದಿಗೆ 5.5, ಅದರಲ್ಲೂ ಕೀ ಕೂರುವ ಕೊರಕಲು 2.8 ಹೋಯಿತು, ಉಳಿದ ಲೋಹ 2.7 ಮಿ.ಮೀ. ಅಷ್ಟೇ. ಅಲ್ಲಿ ಕನಿಷ್ಠ ಮಾಡ್ಯೂಲಿನ ಎರಡು ಪಟ್ಟು ದಪ್ಪ ಉಳಿಯಬೇಕು. ಹೊಸದರಲ್ಲಿ 25ರ ಶಾಫ್ಟ್ ಹಾಕಿಯೂ ಏಳು ಮಿ.ಮೀ. ಮೇಲೆ ಉಳಿಯಿತು. ಶಾಫ್ಟ್ ದೊಡ್ಡದು ಬೇಕು ಅಂತ ಗೇರಿನ ಬೋರ್ ದೊಡ್ಡದು ಮಾಡಿಸುವವರು ದಯವಿಟ್ಟು ಇದನ್ನು ಮೊದಲು ಅಳೆಯಿರಿ.

ಗೇರ್ ಕಟಿಂಗಿಗೆ ಹುಬ್ಬಳ್ಳಿಗೆ ಹೋದೆ. 54ರ ಬದಲು 55 ಹಲ್ಲು ಮಾಡಿಸಿದೆ. 18ಕ್ಕೆ 54 ಇದ್ದರೆ ದೊಡ್ಡ ಗೇರಿನ ಪ್ರತಿ ಹಲ್ಲಿಗೂ ಸದಾ ಅದೇ ಒಂದು ಹಲ್ಲು ಎದುರಾಗುತ್ತದೆ, ಒಂದರಲ್ಲಿ ಊನ ಇದ್ದರೆ ಅದೇ ಜಾಗ ಸವೆಯುತ್ತದೆ. 55 ಇಟ್ಟರೆ ಎಲ್ಲ ಹಲ್ಲಿಗೂ ಎಲ್ಲ ಹಲ್ಲು ಸರದಿ ಮೇಲೆ ಸಿಗುತ್ತವೆ. ಸಣ್ಣ ಗೇರನ್ನು 17 ಹಲ್ಲಿಗಿಂತ ಕೆಳಗೆ ಇಳಿಸಲಿಲ್ಲ, 20 ಡಿಗ್ರಿಯಲ್ಲಿ ಅದಕ್ಕಿಂತ ಕಡಿಮೆಯಾದರೆ ಕಟರ್ ಹಲ್ಲಿನ ಬುಡವನ್ನೇ ಕೊರೆಯುತ್ತದೆ. ಸಣ್ಣದಕ್ಕೆ ಮಾತ್ರ ಇಂಡಕ್ಷನ್ ಹಾರ್ಡನಿಂಗ್ (ಕರೆಂಟಿನಿಂದ ಹಲ್ಲಿನ ಮೈ ಕಾಯಿಸಿ ಗಟ್ಟಿ ಮಾಡುವುದು) ಮಾಡಿಸಿದೆ. ದೊಡ್ಡದು ಒಂದು ಸುತ್ತು ಬರುವಷ್ಟರಲ್ಲಿ ಸಣ್ಣದರ ಪ್ರತಿ ಹಲ್ಲು ಮೂರು ಸಲ ಪೆಟ್ಟು ತಿನ್ನುತ್ತದೆ, ಅದಕ್ಕೇ ಅದು ಗಟ್ಟಿ ಇರಬೇಕು. ಹಾರ್ಡ್ ಆಗಿದೆಯಾ ಅಂತ ಅರ ಹಚ್ಚಿ ನೋಡಿದೆ. ಗಾಜಿನ ಮೇಲೆ ಜಾರಿದ ಹಾಗೆ ಜಾರಿತು.

ಗುಜರಿಯಲ್ಲಿ ಗೇರ್ ಹುಡುಕುವವರಿಗೆ ಒಂದು ಮಾತು. ವರ್ನಿಯರಿನಲ್ಲಿ ಹೊರವ್ಯಾಸ ಅಳೆದು, ಹಲ್ಲಿನ ಸಂಖ್ಯೆಗೆ 2 ಕೂಡಿಸಿ ಭಾಗಿಸಿದರೆ ಮಾಡ್ಯೂಲ್ ಸಿಗುತ್ತದೆ. ನನಗೊಮ್ಮೆ 18 ಹಲ್ಲಿಗೆ 50.8 ಬಂತು, ಅಂದರೆ 2.54. ಅದು ಇಂಚಿನ ಲೆಕ್ಕದ 10 ಡಿಪಿ ಗೇರ್, ಅಂದರೆ ಪಿಚ್ ವ್ಯಾಸದ ಒಂದೊಂದು ಇಂಚಿಗೆ 10 ಹಲ್ಲು. 2.5 ಮಾಡ್ಯೂಲಿನ ಜೊತೆ ಕೈಯಲ್ಲಿ ತಿರುಗಿಸಿದರೆ ಕೂಡಿದ ಹಾಗೇ ಅನಿಸುತ್ತದೆ, ಲೋಡ್ ಬಿದ್ದಾಗ ಕಿರುಚುತ್ತದೆ. ಹಳೇ ಇಂಚಿನ ಗೇರುಗಳಲ್ಲಿ ಹಲ್ಲಿನ ಕೋನ 14.5 ಡಿಗ್ರಿ ಇರುವುದೂ ಉಂಟು, ಅದು 20ಕ್ಕೆ ಕೂಡುವುದೇ ಇಲ್ಲ.

ಮಾಡ್ಯೂಲ್ ಬದಲಾದ್ದರಿಂದ ಶಾಫ್ಟುಗಳ ನಡುವಿನ ದೂರ 72ರಿಂದ 109.5 ಮಿ.ಮೀ.ಗೆ ಹೋಯಿತು. ಫ್ರೇಮಿನ ಪ್ಲೇಟು ಹೊಸದೇ ಮಾಡಬೇಕಾಯಿತು. ಬೇರಿಂಗ್ ಬ್ಲಾಕಿಗೆ ಉದ್ದ ತೂತು ಇಟ್ಟು, ಹಲ್ಲುಗಳ ನಡುವೆ ಒಂಚೂರು ಸಡಿಲ ಉಳಿಯಲಿ ಅಂತ ನೋಟ್‌ಬುಕ್ಕಿನ ಹಾಳೆಯ ಪಟ್ಟಿ ಸೇರಿಸಿ, ಒತ್ತಿ ಹಿಡಿದು ಬೋಲ್ಟ್ ಬಿಗಿದೆ. ಗೇರ್ ತಿರುಗಿಸಿ ಹಾಳೆ ಹೊರಗೆ ತೆಗೆದಾಗ ನೆರಿಗೆ ಬಿದ್ದಿರಬೇಕು, ಹರಿದಿರಬಾರದು. ಎರಡು ಸಲ ಹರಿಯಿತು, ಮೂರನೇ ಸಲ ಸರಿ ಬಂತು.

ರೋಲರ್‌ಗಳನ್ನು ಜೋಡಿಸುವ ಗೇರಿಗೆ ಮಾತ್ರ 5 ಮಾಡ್ಯೂಲ್, 20 ಹಲ್ಲು. ರೋಲರಿನ ವ್ಯಾಸ 100, ಗೇರಿನ ಪಿಚ್ ವ್ಯಾಸವೂ 100. ದಪ್ಪ ಕಬ್ಬು ಹೋಗುವಾಗ ರೋಲರ್ ದೂರ ಸರಿಯುತ್ತದೆ, ಆಗಲೂ ಹಲ್ಲು ಬಿಡಬಾರದು ಅಂದರೆ ಉದ್ದ ಹಲ್ಲೇ ಬೇಕು.

ಆಮೇಲೆ ಕಾರವಾರದ ಬೀಚ್ ಹತ್ತಿರದ ಅಂಗಡಿಯವರೊಬ್ಬರು ಇಂಥದ್ದೇ ಮಷಿನ್ ಕೇಳಿದರು, ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ, ಗೇರೂ ಸ್ಟೇನ್‌ಲೆಸ್ ಹಾಕಿ ಅಂದರು. ನಾನು ಬೇಡ ಅಂದೆ. 304 ಸ್ಟೇನ್‌ಲೆಸ್ಸನ್ನು ಕಾಯಿಸಿ ಹಾರ್ಡ್ ಮಾಡಲು ಬರುವುದಿಲ್ಲ, ಒಂದಕ್ಕೊಂದು ಉಜ್ಜಿದರೆ ಮೈ ಕಿತ್ತುಕೊಂಡು ಕಚ್ಚಿಕೊಳ್ಳುತ್ತದೆ. ರೋಲರ್, ಟ್ರೇ ಸ್ಟೇನ್‌ಲೆಸ್ ಮಾಡಿ, ಉಕ್ಕಿನ ಗೇರಿಗೆ ರಬ್ಬರ್ ಸೀಲ್ ಇರುವ ಮುಚ್ಚಿದ ಪೆಟ್ಟಿಗೆ ಕೊಟ್ಟೆ. ಕಬ್ಬಿನ ಹಾಲು ಒಳಗೆ ಇಳಿದರೆ ಗ್ರೀಸ್ ತೊಳೆದು ಹೋಗುತ್ತದೆ, ಉಳಿದದ್ದು ಹುಳಿಯಾಗಿ ಹಲ್ಲಿನ ಮೈ ತಿನ್ನುತ್ತದೆ. ಪೆಟ್ಟಿಗೆ ಇದ್ದರೆ ಯಾರ ಬೆರಳೂ ಹೋಗುವುದಿಲ್ಲ. ಗ್ರೀಸು ಫುಡ್ ಗ್ರೇಡಿನದೇ ಹಾಕಿದೆ.

ಶಿರಸಿಯ ಮಷಿನ್ ಮುಂದಿನ ಜಾತ್ರೆಗೆ ಅದೇ ಜಾಗದಲ್ಲಿ ನಿಂತಿತ್ತು. ಮೂರನೇ ದಿನ ಮಧ್ಯಾಹ್ನ ನಾನೇ ಹೋಗಿ ಕವರ್ ಬಿಚ್ಚಿಸಿದೆ. ಮೊದಲ ದಿನ ನಾಲ್ಕು ಹಲ್ಲಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದಿದ್ದೆ. ನಾಲ್ಕರಲ್ಲೂ ನಡುವೆ, ಹಲ್ಲಿನ ಅಗಲದುದ್ದಕ್ಕೂ, ಒಂದೇ ಸಮ ಅಳಿಸಿತ್ತು. ಅಣ್ಣ ನಿಂಬೆಹಣ್ಣು ಇಟ್ಟು ಮಡಚಿದ ಕಬ್ಬನ್ನೇ ಕೊಟ್ಟು ಒಂದು ಲೋಟ ತೆಗೆದರು.