ಹೊಸಬರಿಗೆ ಮಾರ್ಗದರ್ಶಿ: ಕರಾವಳಿಯಲ್ಲಿ ಕಾರಿನ ಬ್ಯಾಟರಿ

ಹುಬ್ಬಳ್ಳಿ, ಕಲಬುರಗಿ, ಮೈಸೂರು ಕಡೆಯಿಂದ ಮಂಗಳೂರಿಗೆ ಬರುವವರು ಕಾರನ್ನೂ ಜೊತೆಗೇ ತರುತ್ತೀರಿ. ಮನೆ, ಶಾಲೆ, ಗ್ಯಾಸ್ ಹೊಂದಿಸುವ ಗಡಿಬಿಡಿಯಲ್ಲಿ ಬ್ಯಾಟರಿ ಕಡೆ ಯಾರೂ ನೋಡುವುದಿಲ್ಲ. ಜೂನ್‌ನಲ್ಲಿ ಧೋ ಎಂದು ಮಳೆ ಸುರಿಯುವ ಬೆಳಿಗ್ಗೆ ಕೀ ತಿರುಗಿಸಿದರೆ ಟಕ್ ಟಕ್ ಶಬ್ದ ಮಾತ್ರ.

ಸುರತ್ಕಲ್‌ನಲ್ಲಿ ನನ್ನ ಮೊದಲ ಮಳೆಗಾಲ ಹೀಗೇ ಶುರುವಾಯ್ತು. ಗ್ಯಾರೇಜಿನವರು ಬ್ಯಾಟರಿ ಹೋಗಿದೆ ಎಂದರು, ಹೊಸದು ಹಾಕಿಸಿದೆ. ಮುಂದಿನ ವರ್ಷ ಮತ್ತೆ ಅದೇ ಕತೆ. ಆಗ ಪಕ್ಕದ ಮನೆಯವರು ಬಾನೆಟ್ ಎತ್ತಿ ತೋರಿಸಿದರು. ವಯರ್ ಸಿಕ್ಕಿಸುವ ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಗಟ್ಟಿಯಾಗಿ ಕೂತಿತ್ತು. ತೊಳೆದ ಮೇಲೆ ಒಂದೇ ಸೆಲ್ಫ್‌ಗೆ ಗಾಡಿ ಸ್ಟಾರ್ಟ್ ಆಯಿತು. ಮೊದಲ ಬ್ಯಾಟರಿಯೂ ಬಹುಶಃ ಚೆನ್ನಾಗೇ ಇತ್ತು.

ಇಲ್ಲಿನ ಉಪ್ಪುಗಾಳಿಗೂ ತೇವಕ್ಕೂ ಆ ಪುಡಿ ಬೇಗ ಬೆಳೆಯುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಬಾನೆಟ್ ಎತ್ತಿ ನೋಡಿ. ಪುಡಿ ಕಂಡರೆ ಎಂಜಿನ್ ಆಫ್ ಮಾಡಿ, ಕೈಗವಸು ಹಾಕಿಕೊಳ್ಳಿ, ಉಂಗುರ, ಬಳೆ ತೆಗೆದಿಡಿ. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಸೋಡಾ ನೀರು ಮುಚ್ಚಳದ ಸಂದಿಯಿಂದ ಒಳಗೆ ಇಳಿಯದಿರಲಿ. ಚೆನ್ನಾಗಿ ಒರೆಸಿ ಒಣಗಿಸಿ. ಜೋಡಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಮೇಲೆ ಸ್ವಲ್ಪ ವ್ಯಾಸಲಿನ್ ಸವರಿದರೆ ತೇವ ತಾಗುವುದಿಲ್ಲ. ಬ್ಯಾಟರಿಯಿಂದ ಹೊತ್ತಿಕೊಳ್ಳುವ ಹೈಡ್ರೋಜನ್ ಹೊರಬರುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡವೇ ಬೇಡ.

ಮುಚ್ಚಳ ತೆಗೆಯುವಂಥ ಬ್ಯಾಟರಿಯಾದರೆ ಗುರುತಿನವರೆಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಮ್ಮ ಬಾವಿ ನೀರು ಕುಡಿಯಲು ಎಷ್ಟೇ ಸಿಹಿಯಾಗಿದ್ದರೂ ಅದರ ಲವಣಗಳು ಒಳಗಿನ ಸೀಸದ ಪ್ಲೇಟುಗಳನ್ನು ಹಾಳುಮಾಡುತ್ತವೆ.

ಸೆಕೆಯೂ ಬ್ಯಾಟರಿಯ ಆಯಸ್ಸನ್ನು ತಿನ್ನುತ್ತದೆ. ಮೂರು ವರ್ಷ ದಾಟಿದ ಮೇಲೆ ಒಂದು ಕಣ್ಣಿಡಿ. ವೋಲ್ಟ್ ಅಳೆಯುವ ಮಲ್ಟಿಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದೆ. 12.4 ಅಂದರೆ ಮುಕ್ಕಾಲು. 12ಕ್ಕೆ ಇಳಿದರೆ ಬಹುತೇಕ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ಬರಬೇಕು. ಬರದಿದ್ದರೆ ಬ್ಯಾಟರಿ ಬದಲಿಸುವ ಮೊದಲು ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ನೋಡಿಸಿ.

ಮಳೆಗಾಲದಲ್ಲಿ ವೈಪರ್, ಹೆಡ್‌ಲೈಟ್, ಎಸಿ ಎಲ್ಲ ಒಟ್ಟಿಗೆ ಓಡುತ್ತವೆ. ಬಿಜೈಯಿಂದ ಹಂಪನಕಟ್ಟೆಗೆ, ಅಂದರೆ ಊರೊಳಗಿನ ಸಣ್ಣ ದೂರಕ್ಕೆ, ಹೋಗಿ ಬಂದರೆ ಸೆಲ್ಫ್ ಹೊಡೆದು ಖರ್ಚಾದದ್ದು ಪೂರ್ತಿ ತುಂಬುವುದಿಲ್ಲ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಹೆದ್ದಾರಿಯಲ್ಲಿ, ಮೂಲ್ಕಿ ಕಡೆಗೋ ಎಲ್ಲಿಗೋ, ಓಡಿಸಿ ಬನ್ನಿ. ನಿಂತಲ್ಲೇ ಐದು ನಿಮಿಷ ಎಂಜಿನ್ ಓಡಿಸಿದರೆ ಪ್ರಯೋಜನ ಕಡಿಮೆ. ದಸರಾ ರಜೆಗೆ ಊರಿಗೆ ಹೋಗುವಾಗ ಡ್ಯಾಶ್‌ಕ್ಯಾಮ್ ಪ್ಲಗ್ ತೆಗೆದಿಡಿ. ತಿಂಗಳಾಗುವುದಾದರೆ ಮೈನಸ್ ವಯರ್ ಬಿಚ್ಚಿಡಿ. ಗಡಿಯಾರ ಮತ್ತೆ ಹೊಂದಿಸಬೇಕಾಗುತ್ತದೆ.

ಶಿರಾಡಿ, ಆಗುಂಬೆ ಘಾಟಿ ಹತ್ತುವವರು ಇನ್ನೊಂದು ಕಾರಿನ ಬ್ಯಾಟರಿಯಿಂದ ಸ್ಟಾರ್ಟ್ ಮಾಡಿಕೊಳ್ಳುವ ಜಂಪರ್ ಕೇಬಲ್ ಇಟ್ಟುಕೊಳ್ಳಿ. ಕೆಂಪು ವಯರನ್ನು ಮೊದಲು ನಿಮ್ಮ ಪ್ಲಸ್‌ಗೆ, ಆಮೇಲೆ ಸಹಾಯದ ಕಾರಿನ ಪ್ಲಸ್‌ಗೆ ಸಿಕ್ಕಿಸಿ. ಕಪ್ಪು ವಯರನ್ನು ಆ ಕಾರಿನ ಮೈನಸ್‌ಗೆ, ಕೊನೆಯ ತುದಿಯನ್ನು ನಿಮ್ಮ ಎಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ. ಬ್ಯಾಟರಿ ಒಡೆದಿದ್ದರೆ, ಉಬ್ಬಿದ್ದರೆ ಇದನ್ನು ಮಾಡಲೇಬೇಡಿ. ಆಟೊಮ್ಯಾಟಿಕ್ ಗಾಡಿ ತಳ್ಳಿದರೆ ಸ್ಟಾರ್ಟ್ ಆಗುವುದಿಲ್ಲ, ಸುಮ್ನೆ ಮಳೆಯಲ್ಲಿ ನೆನೆಯಬೇಡಿ.

ಹೊಸದು ಕೊಳ್ಳುವಾಗ ತಯಾರಾದ ತಿಂಗಳು ನೋಡಿ. ಬಿಲ್ ಮತ್ತು ವಾರಂಟಿ ಕಾರ್ಡಿನಲ್ಲಿ ತಾರೀಕು ಬರೆಸಿಕೊಳ್ಳಿ. ಹಳೆಯದನ್ನು ಅಂಗಡಿಗೇ ಕೊಡಿ, ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. ಅದರಲ್ಲಿರುವುದು ಸೀಸ ಮತ್ತು ಆಸಿಡ್. ಮನೆಯ ಹಿಂದೆ, ಬಾವಿಯ ಹತ್ತಿರ ಬಿಸಾಡಬೇಡಿ, ಮಕ್ಕಳ ಕೈಗೂ ಸಿಗಬಾರದು.

ಈ ತಪಾಸಣೆಯನ್ನೆಲ್ಲ ಮೇ ತಿಂಗಳಲ್ಲೇ, ಮಳೆಗೆ ಮುಂಚೆ ಮುಗಿಸಿ. ಟರ್ಮಿನಲ್ ಬಿಚ್ಚಲು ಧೈರ್ಯ ಸಾಲದಿದ್ದರೆ ಭಾನುವಾರ ನಮ್ಮ ಸಂಘದ ಸಭೆಗೆ ಕಾರಿನಲ್ಲೇ ಬನ್ನಿ, ಜೊತೆಯಲ್ಲಿ ನಿಂತು ತೋರಿಸುತ್ತೇವೆ.