ಗಂಡ ಹೆಂಡ್ತಿ ಇಬ್ರಿಗೂ ಒಂದೇ ಜ್ವರ, ಆಕ್ಸಿಜನ್ ಇಳಿದಿದ್ದು ಮಾತ್ರ ಯಜಮಾನ್ರಿಗೆ

2021ರ ಮೇ ತಿಂಗಳು, ಕೊರೋನಾ ಎರಡನೇ ಅಲೆ. ತೀರ್ಥಹಳ್ಳಿ ಕಡೆ ನಂದೊಂದು ಸಣ್ಣ ಕ್ಲಿನಿಕ್, ಆಗ ಮನೆ ಮನೆಗೇ ಹೋಗಿ ನೋಡ್ತಿದ್ದೆ. ಒಂದು ತೋಟದ ಮನೇಲಿ ಗಂಡ ಹೆಂಡ್ತಿ ಇಬ್ರಿಗೂ ಒಂದೇ ದಿನ ಜ್ವರ ಶುರು, ಇಬ್ರಿಗೂ ಐವತ್ತರ ಆಸುಪಾಸು, ಶುಗರ್ ಬಿಪಿ ಎಂತದೂ ಇಲ್ಲ. ಆರನೇ ದಿನ ಹೋದಾಗ ಅಮ್ಮ ಆಗ್ಲೇ ಕೊಟ್ಟಿಗೆ ಕೆಲ್ಸಕ್ಕೆ ಇಳಿದಿದ್ರು. ಯಜಮಾನ್ರು ಜಗಲಿ ಮೇಲೆ ಕೂತು "ನಂಗೇನಾಗಿಲ್ಲ ಡಾಕ್ಟ್ರೇ, ಸ್ವಲ್ಪ ಸುಸ್ತು ಅಷ್ಟೇ" ಅಂದ್ರು. ಆಕ್ಸಿಮೀಟರ್ ಹಾಕಿದ್ರೆ 96. ಯಾಕೋ ಸಮಾಧಾನ ಆಗ್ಲಿಲ್ಲ, ಆರು ನಿಮಿಷ ನಡೀರಿ ಅಂತ ಅಂಗಳಕ್ಕೆ ಇಳಿಸಿದೆ, ನಾಲ್ಕನೇ ಸುತ್ತಿಗೇ ಮಾತು ನಿಂತೋಯ್ತು, ಕೂರಿಸಿ ನೋಡಿದ್ರೆ 90. ಸಂಜೆನೇ ಶಿವಮೊಗ್ಗಕ್ಕೆ ಕಳಿಸಿದ್ವಿ, ಹನ್ನೆರಡು ದಿನ ಆಕ್ಸಿಜನ್ ಮೇಲಿದ್ದು ವಾಪಸ್ ಬಂದ್ರು.

"ಒಂದೇ ಮನೆ, ಒಂದೇ ಊಟ, ಅವ್ರಿಗೆ ಮಾತ್ರ ಯಾಕೆ ಹಿಂಗಾಯ್ತು?" ಅಂತ ಅಮ್ಮ ಕೇಳಿದ್ರು. ಅವತ್ತಿಂದ ಓದೋಕೆ ಕೂತೆ. 2020ರಲ್ಲೇ ಬೇರೆ ಬೇರೆ ದೇಶಗಳ 30 ಲಕ್ಷಕ್ಕೂ ಹೆಚ್ಚು ಕೇಸ್ ಒಟ್ಟು ಹಾಕಿ ನೋಡಿದಾಗ ಸೋಂಕು ಹೆಚ್ಚುಕಮ್ಮಿ ಸಮಾನ, ಐಸಿಯು ಸೇರೋ ಸಾಧ್ಯತೆ ಮಾತ್ರ ಗಂಡಸ್ರಿಗೆ ಮೂರು ಪಟ್ಟಿನ ಹತ್ರ ಇತ್ತು. ಕೊರೋನಾ ವೈರಸ್ ಜೀವಕೋಶದ ಒಳಗೆ ಹೋಗೋಕೆ ಬಳಸೋ ಒಂದು ಕಿಣ್ವದ ಜೀನನ್ನ ಗಂಡಸ್ರ ಪ್ರಾಸ್ಟೇಟ್ ಗ್ರಂಥೀಲಿ ಚುರುಕು ಮಾಡೋದು ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್, ಹಾಗಾಗಿ ಅದೇ ಕಳ್ಳ ಅಂತ ತುಂಬ ಜನ ಅಂದ್ಕೊಂಡ್ರು. ಆದ್ರೆ ಕೊರೋನಾ ಬಳಗದ್ದೇ ಆದ ಹಳೇ ಸಾರ್ಸ್ ವೈರಸ್ ಹಾಕಿದ ಇಲಿಗಳಲ್ಲಿ ಗಂಡಿಲಿಯ ವೃಷಣ ತೆಗೆದ್ರೂ ಏನೂ ವ್ಯತ್ಯಾಸ ಆಗಿರ್ಲಿಲ್ಲ, ಹೆಣ್ಣಿಲಿಯ ಅಂಡಾಶಯ ತೆಗೆದಾಗ ಸಾವು ಜಾಸ್ತಿ ಆಗಿತ್ತು, ಅಂದ್ರೆ ಅಲ್ಲಿ ಹೆಣ್ಣು ಹಾರ್ಮೋನು ಈಸ್ಟ್ರೋಜನ್ ಕಾಯ್ತಿತ್ತು. ಅಮೆರಿಕದಲ್ಲಿ ಆಸ್ಪತ್ರೆ ಸೇರಿದ್ದ ಮಾಜಿ ಸೈನಿಕರಿಗೆ ಟೆಸ್ಟೋಸ್ಟೆರಾನ್ ಇಳಿಸೋ ಇಂಜೆಕ್ಷನ್ ಕೊಟ್ಟು ನೋಡಿದ್ರು, ಅದ್ರಿಂದ್ಲೂ ಲಾಭ ಆಗ್ಲಿಲ್ಲ. ಸೀರಿಯಸ್ ಆದ ಗಂಡಸ್ರಲ್ಲಿ ಟೆಸ್ಟೋಸ್ಟೆರಾನ್ ಕಮ್ಮಿನೇ ಇರತ್ತೆ, ಕಾಯಿಲೆನೇ ಅದನ್ನ ಇಳಿಸತ್ತೆ. ಹಾಗಾಗಿ ವಾಟ್ಸಾಪ್ ನೋಡ್ಕೊಂಡು ಹಾರ್ಮೋನ್ ಮಾತ್ರೆ ಬರ್ಕೊಡಿ ಅಂತ ಬಂದವ್ರಿಗೆ ನಾನು ಖಂಡಿತ ಬರ್ಕೊಡ್ಲಿಲ್ಲ.

ನಾನು ಬದಲಾಯಿಸಿದ್ದು ನೋಡೋ ರೀತಿನ. ನಲವತ್ತು ದಾಟಿದ ಗಂಡಸ್ರು ಜ್ವರ ಕೆಮ್ಮು ಅಂತ ಬಂದ್ರೆ ಕೂತಾಗಿನ ನಂಬರ್ ನಂಬಲ್ಲ, ನಡೆಸೇ ನೋಡ್ತೀನಿ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸೋ ಗಡಿಬಿಡೀಲಿ ಜ್ವರ ಇದ್ರೂ ತೋಟಕ್ಕೆ ಹೋಗ್ತಾರೆ, ಅದಕ್ಕೇ ಆಕ್ಸಿಮೀಟರ್ ಹೆಂಡ್ತಿ ಕೈಗೆ ಕೊಟ್ಟು 94ಕ್ಕಿಂತ ಕೆಳಗೆ ಬಂದ್ರೆ ರಾತ್ರಿ ಆದ್ರೂ ಫೋನ್ ಮಾಡಿ ಅಂತೀನಿ.

ಹಂಗಂತ ಹೆಂಗಸ್ರಿಗೆ ಅಪಾಯ ಇಲ್ಲ ಅಂತಲ್ಲ. ಬಸುರಿಯರಲ್ಲಿ ಈಸ್ಟ್ರೋಜನ್ ಎಷ್ಟೋ ಪಟ್ಟು ಏರಿರತ್ತೆ, ಆದ್ರೂ ಇನ್‌ಫ್ಲುಯೆನ್ಜಾ, ಅಂದ್ರೆ ಫ್ಲೂ, ಅವ್ರಿಗೇ ಜೋರಾಗಿ ಕಾಡತ್ತೆ, 1918ರಲ್ಲೂ ಹಾಗೇ, 2009ರ ಎಚ್‌1ಎನ್‌1ನಲ್ಲೂ ಹಾಗೇ. ರೋಗನಿರೋಧಕ ಶಕ್ತಿಯ ವರಸೆನೇ ಬದಲಾಗಿರತ್ತೆ, ಮೇಲಿಂದ ಗರ್ಭಕೋಶ ಶ್ವಾಸಕೋಶಕ್ಕೆ ಜಾಗ ಬಿಡಲ್ಲ. ಇದು ಗೊತ್ತಿದ್ದೂ ಒಮ್ಮೆ ಫ್ಲೂ ತರದ ಜ್ವರ ಇದ್ದ ಏಳು ತಿಂಗಳ ಬಸುರಿಗೆ ಔಷಧಿ ಶುರು ಮಾಡ್ದೆ ಸ್ವಾಬ್ ರಿಪೋರ್ಟ್ ಬರ್ಲಿ ಅಂತ ಎರಡು ದಿನ ಕಾದೆ, ಮೂರನೇ ದಿನ ಆಕೆಗೆ ಆಕ್ಸಿಜನ್ ಬೇಕಾಯ್ತು. ತಾಯಿ ಮಗು ಉಳಿದ್ರು, ಆ ಎರಡು ದಿನ ಇವತ್ತಿಗೂ ನನ್ನ ಎದೇಲಿದೆ. ಫ್ಲೂ ವೈರಸ್ ತಡೆಯೋ ಔಷಧಿ ಒಸೆಲ್ಟಾಮಿವಿರ್, ಮೊದಲ 48 ಗಂಟೇಲಿ ಕೊಟ್ರೇನೇ ಹೆಚ್ಚು ಉಪಯೋಗ. ಈಗ ಬಸುರಿಗೆ ಫ್ಲೂ ತರದ ಜ್ವರ ಅಂದ್ರೆ ಸ್ವಾಬ್ ಕಳಿಸಿದ ಕೈಯಲ್ಲೇ 75 ಮಿಲಿಗ್ರಾಂ ದಿನಕ್ಕೆರಡು ಸಲ ಶುರು ಮಾಡಿಸ್ತೀನಿ. ಹೋದ ಜುಲೈನಲ್ಲಿ ಆಗುಂಬೆ ಕಡೆಯಿಂದ ಒಬ್ಬಳು ಬಂದಿದ್ಲು, ಅವಳ ಪಾಸಿಟಿವ್ ರಿಪೋರ್ಟ್ ನನ್ನ ಕೈ ಸೇರೋ ಹೊತ್ತಿಗೆ ಜ್ವರ ಬಿಟ್ಟು ಗಂಜಿ ಉಣ್ತಿದ್ಲು.