ಹತ್ತು ಅಡಿ ದೂರದಲ್ಲಿ ಹೋಮಾಯಿ

ಹೋಮಾಯಿ ವ್ಯಾರಾವಾಲಾ ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಹೆಚ್ಚಿನವರು ಇಷ್ಟು ಹೇಳಿ ಮುಗಿಸುತ್ತಾರೆ. ಅವರ ಕಸುಬಿನ ಗಟ್ಟಿತನ ನನಗೆ ಅರ್ಥವಾದದ್ದು, ಅವರು ಬಳಸುತ್ತಿದ್ದಂಥ ರೋಲಿಫ್ಲೆಕ್ಸ್ ಕ್ಯಾಮೆರಾದಲ್ಲಿ ನಾನೇ ಸುದ್ದಿಚಿತ್ರ ತೆಗೆಯಲು ಹೊರಟಾಗ.

ಇದನ್ನು ಕಣ್ಣಿಗೆ ಹಿಡಿಯುವುದಿಲ್ಲ. ಕೊರಳಿಗೆ ತೂಗುಹಾಕಿ, ಹೊಟ್ಟೆಯ ಹತ್ತಿರ ಹಿಡಿದು, ಮೇಲಿನ ಗಾಜಿನೊಳಗೆ ನೋಡಬೇಕು. ಅಲ್ಲಿ ಎಡಬಲ ಅದಲುಬದಲು: ಬಲಕ್ಕೆ ನಡೆದವರು ಗಾಜಿನಲ್ಲಿ ಎಡಕ್ಕೆ ಸಾಗುತ್ತಾರೆ. ಒಂದು ಫಿಲಂ ಸುರುಳಿಗೆ 12 ಚಿತ್ರ, ಅಷ್ಟೇ. ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ನಡೆದ ಧರಣಿಯೊಂದಕ್ಕೆ ಇದನ್ನು ಒಯ್ದೆ. ಬೆಳಕನ್ನು ಮೊದಲೇ ಅಳೆದು ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿಯನ್ನು, 11ಕ್ಕೆ ಇಟ್ಟೆ, ಫೋಕಸ್ ಹತ್ತು ಅಡಿಗೆ ನಿಲ್ಲಿಸಿದೆ. ಆಮೇಲೆ ದೂರವನ್ನು ಹೊಂದಿಸುವ ಕೆಲಸ ಕಾಲುಗಳದ್ದು. ಹತ್ತು ಅಡಿಯಿಂದ ಮನುಷ್ಯರು ಅಡಿಯಿಂದ ಮುಡಿಯವರೆಗೆ ಸಿಗುತ್ತಾರೆ, ಸುತ್ತಲಿನ ಜಾಗವೂ ಜೊತೆಗೆ ಬರುತ್ತದೆ. ನಾವು ತಲೆ ತಗ್ಗಿಸಿರುವುದರಿಂದ, ಯಾರೋ ತಮ್ಮನ್ನೇ ದಿಟ್ಟಿಸುತ್ತಿದ್ದಾರೆಂಬ ಮುಜುಗರ ಎದುರಿನವರಿಗೆ ಇರುವುದಿಲ್ಲ.

ಪಾಲಂ ವಿಮಾನ ನಿಲ್ದಾಣದಲ್ಲಿ ಛಾಯಾಗ್ರಹಣ ನಿಷೇಧದ ಫಲಕದ ಪಕ್ಕದಲ್ಲೇ ನೆಹರೂ ನಿಂತಿರುವ ಹೋಮಾಯಿಯವರ ಚಿತ್ರವನ್ನು ಈ ಅನುಭವದ ನಂತರ ಮತ್ತೆ ನೋಡಿದೆ. ಮುಖಕ್ಕೆ ಆಸೆಪಟ್ಟು ಮುಂದೆ ನುಗ್ಗಿದ್ದರೆ ಫಲಕ ಚೌಕಟ್ಟಿನಿಂದ ಹೊರಗುಳಿಯುತ್ತಿತ್ತು, ಚಿತ್ರವೇ ಇರುತ್ತಿರಲಿಲ್ಲ.

1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದ ಅವರು ಮುಂಬೈಯಲ್ಲಿ ಕಲಿತರು. ಅವರ ಆರಂಭದ ಚಿತ್ರಗಳು ಪತಿ ಮಾಣೆಕ್‌ಶಾ ಹೆಸರಿನಲ್ಲಿ ಅಚ್ಚಾದವು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. 1942ರಲ್ಲಿ ದೆಹಲಿಗೆ ಬಂದು ಬ್ರಿಟಿಷ್ ಮಾಹಿತಿ ಸೇವೆಯಲ್ಲಿ ಕೆಲಸಕ್ಕೆ ಸೇರಿದರು. ಸೀರೆಯುಟ್ಟು, ಭಾರದ ಸಲಕರಣೆಗಳೊಂದಿಗೆ ಸೈಕಲ್ಲಿನಲ್ಲಿ ಊರು ಸುತ್ತಿದರು. 1947ರ ಆಗಸ್ಟ್ 16ರಂದು ಕೆಂಪುಕೋಟೆಯ ಮೇಲೆ ಧ್ವಜ ಏರಿದ್ದನ್ನೂ ಗಾಂಧಿ, ನೆಹರೂ, ಶಾಸ್ತ್ರಿಯವರ ಅಂತ್ಯಯಾತ್ರೆಗಳನ್ನೂ ದಾಖಲಿಸಿದರು.

1970ರಲ್ಲಿ ಕ್ಯಾಮೆರಾ ಕೆಳಗಿಟ್ಟರು. ಹೊಸ ತಲೆಮಾರಿನ ಛಾಯಾಗ್ರಾಹಕರ ನಡವಳಿಕೆ ಅವರಿಗೆ ಸಹಿಸಲಾಗಲಿಲ್ಲ. 2011ರಲ್ಲಿ ಪದ್ಮವಿಭೂಷಣ ಬಂದಾಗ ಅವರಿಗೆ 97 ವರ್ಷ. ಬೇಗ ಬಿಟ್ಟರು ಎಂದು ಹಳಹಳಿಸುವವರಿದ್ದಾರೆ. ನಾನು ಹೋಮಾಯಿಯವರ ಪಕ್ಷ. ಸಾವಿನ ಮನೆಯ ಅಂಗಳದಲ್ಲಿ ನಮ್ಮ ಛಾಯಾಗ್ರಾಹಕರು ಅಳುವವರ ಮುಖಕ್ಕೆ ಲೆನ್ಸ್ ಒಡ್ಡುವುದನ್ನು ನಾನೂ ಕಂಡಿದ್ದೇನೆ. ಈಗ ಅಂಥ ಕಡೆ ಡಿಜಿಟಲ್ ಕ್ಯಾಮೆರಾದಿಂದ ದೂರದ ಮುಖವನ್ನು ಹತ್ತಿರ ಎಳೆಯುವ ಜೂಮ್ ತೆಗೆದು, ಸುತ್ತಲಿನ ಜಾಗವನ್ನೂ ಹಿಡಿಯುವ 35 ಮಿ.ಮೀ. ಲೆನ್ಸ್ ಹಾಕುತ್ತೇನೆ, ಮನೆಯ ಹಿರಿಯರ ಒಪ್ಪಿಗೆ ಕೇಳುತ್ತೇನೆ. ಬೇಡವೆಂದರೆ ಬೀದಿಯಲ್ಲಿ ಸೇರಿದ ಜನರ ಚಿತ್ರವನ್ನಷ್ಟೇ ಕಚೇರಿಗೆ ಕಳಿಸುತ್ತೇನೆ.